ಬಾಬುಸಾಹೇಬರು ಬಾಯಿಬಿಟ್ಟ ಶುಕ್ರವಾರ

ನಮ್ಮಣ್ಣ ಶಾಮ ಹುಲಕೋಟಿ ಹನ್ನೊಂದು ವರ್ಷಗಳಲ್ಲಿ ದೇಶದ ಸಂಸತ್ತಿನ ಇನ್ನೂರ ಹದಿನಾಲ್ಕು ಚರ್ಚೆಗಳಲ್ಲಿ ಭಾಗವಹಿಸಿದ್ದಾನೆ. ಒಂದರಲ್ಲೂ ಅವನ ಹೆಸರಿಲ್ಲ. ಹೆಸರೆಲ್ಲ ನಮ್ಮ ಕಡೆಯ ಸಂಸದ ಬಾಬುಸಾಹೇಬರದು, ಬರೆದವನು ಇವನು. ರೈಲಿನಿಂದ ಹಿಡಿದು ಜೇನುಸಾಕಣೆಯ ತನಕ ಇವನು ಬರೆಯದ ವಿಷಯವಿಲ್ಲ. ಜನ್ಮದಲ್ಲಿ ಸಮುದ್ರ ನೋಡಿದವನಲ್ಲ, ಮೀನುಗಾರಿಕೆಯ ಮಸೂದೆಯ ಮೇಲೆ ಒಂಬತ್ತು ಪುಟ ಬರೆದ ಪುಣ್ಯಾತ್ಮ! ಹೊಗಳಬೇಕೋ ಬೈಯಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ. ಹೇಳುತ್ತ ಹೋದಂತೆ ಬೈಗುಳವೇ ಜಾಸ್ತಿಯಾದರೆ ಆಗಲಿ. ನಾನು ಅವನ ತಂಗಿ, ಅಷ್ಟು ಹಕ್ಕು ನನಗಿದೆ.

ನಮ್ಮಪ್ಪ ಗದಗಿನಿಂದ ಕೇಂದ್ರ ಸರಕಾರದ ಕಾರಕೂನಿಕೆ ಹಿಡಿದು ನಾಗಪುರಕ್ಕೆ ಬಂದವರು. ಅಣ್ಣನೂ ಅದೇ ದಾರಿ ಹಿಡಿದ. ಸ್ಟೆನೋ ಆಗಿ ಸೇರಿದ, ಸ್ಟೆನೋ ಆಗಿಯೇ ಇಳಿದ. ನಡುವೆ ಬಂದುಹೋದ ಸಾಹೇಬರೆಲ್ಲ ತಮ್ಮ ಹೆಸರಿನಲ್ಲಿ ಇವನ ಇಂಗ್ಲಿಷು ಹಿಂದಿಗಳನ್ನು ದಿಲ್ಲಿಗೆ ಕಳಿಸಿ ಬಡ್ತಿ ಪಡೆದರು. ನಿವೃತ್ತಿಗೆ ಮೂರು ವರ್ಷ ಇರುವಾಗ ಬಾಬುಸಾಹೇಬರ ಕಣ್ಣಿಗೆ ಬಿದ್ದ. ನಾಗಪುರದ ಹಳೆಯ ಪೇಟೆ ಮಹಾಲಿನಲ್ಲಿ ಪಾತ್ರೆ ಅಂಗಡಿಯ ಮೇಲಿನ ಎರಡು ಕೋಣೆ ಅವರ ಕಚೇರಿ. ಕೆಳಗೆ ಇಡೀ ದಿನ ಸ್ಕೂಟರುಗಳ ಹಾರನ್ನು, ಮೇಲೆ ಇವನ ಕೀಬೋರ್ಡಿನ ಸದ್ದು. ಸಂಬಳವಿಲ್ಲ. ಅಧಿವೇಶನ ಮುಗಿದಾಗಲೊಮ್ಮೆ ಅರ್ಧ ಕಿಲೋ ಸಂತ್ರಾ ಬರ್ಫಿ, ಅಂದರೆ ಕಿತ್ತಳೆಯ ಬರ್ಫಿ, ಬರುತ್ತಿತ್ತು. ಅದನ್ನು ನಮ್ಮ ಜಲಜಾ ವೈನಿ, ಅಂದರೆ ಅವನ ಹೆಂಡತಿ, ಡಬ್ಬಿ ಬಿಚ್ಚದೆ ಕೆಲಸದವಳಿಗೆ ಕೊಟ್ಟುಬಿಡುತ್ತಿದ್ದಳು.

ಬಾಬುಸಾಹೇಬರು ಮಾತುಗಾರರಲ್ಲ ಅಂತಲ್ಲ. ಚುನಾವಣೆಯ ಸಭೆಯಲ್ಲಿ ಮೈಕು ಬೇಡುವ ಗಂಟಲಲ್ಲ ಅವರದು. ಆದರೆ ಸದನದಲ್ಲಿ ಮಾತ್ರ ಬಾಯಿ ತೆರೆಯುತ್ತಿರಲಿಲ್ಲ. ಅಲ್ಲಿ ಒಂದು ಪದ್ಧತಿ ಇದೆ. ಚರ್ಚೆ ಎಳೆದು, ಹೊತ್ತು ಮುಗಿದು, ಮಾತಾಡುವವರು ಇನ್ನೂ ಉಳಿದಿದ್ದರೆ, ಬರೆದು ತಂದವರು ಭಾಷಣವನ್ನು ಸದನದ ಮೇಜಿನ ಮೇಲೆ ಇಟ್ಟುಬಿಡಬಹುದು. ಇಟ್ಟರೆ ಆಡಿದಂತೆಯೇ. ನಡಾವಳಿಯ ಪುಸ್ತಕದಲ್ಲಿ ಅಚ್ಚಾಗುತ್ತದೆ, ಭಾಗವಹಿಸಿದ ಚರ್ಚೆಗಳ ಸಂಖ್ಯೆ ಒಂದು ಏರುತ್ತದೆ. ನಮ್ಮ ಬಾಬುಸಾಹೇಬರು ಈ ಇಡುವ ಕೆಲಸದಲ್ಲಿ ಪ್ರವೀಣರು. ಒಮ್ಮೆ ಅಣ್ಣ ರಜೆ ಹಾಕಿ, ಪಾಸು ಹೊಂದಿಸಿಕೊಂಡು, ದಿಲ್ಲಿಗೆ ಹೋಗಿ ಗ್ಯಾಲರಿಯಲ್ಲಿ ಕೂತು ಬಂದ. ತನ್ನ ಭಾಷಣ ಕೇಳಿ ಬರುತ್ತೇನೆಂದು ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿದ್ದ. ಬಾಬುಸಾಹೇಬರು ಎದ್ದರು, ಕಾಗದ ಕೊಟ್ಟರು, ಹೊರಟುಹೋದರು. ಹೇಗಿತ್ತು ಎಂದು ಕೇಳಿದರೆ, "ಚಲೋ ಇಟ್ರು" ಅಂದ. ಇಂಥ ಮನುಷ್ಯನಿಗೆ ಏನು ಹೇಳುವುದು!

ಅಷ್ಟಾದರೂ ಬರೆಯುವುದರಲ್ಲಿ ಒಂದಕ್ಷರ ಕಡಿಮೆ ಮಾಡಲಿಲ್ಲ. ಇವನ ಕಾಗದಗಳಿಗೆ ಒಂದು ರೀತಿ ಇತ್ತು. ಮುಂದೆ ಬಿಳಿ ಹಾಳೆಗಳಲ್ಲಿ ಭಾಷಣ. ಹಿಂದೆ ಒಂದೇ ಒಂದು ಹಳದಿ ಹಾಳೆ. ಅದರ ನಡುವೆ ಗೆರೆ ಎಳೆದು, ಎಡಗಡೆ ಎದುರಿನವರು ಏನೇನು ಆಕ್ಷೇಪ ಎತ್ತಬಹುದು ಎಂದು ಬರೆಯುತ್ತಿದ್ದ, ಬಲಗಡೆ ಅದಕ್ಕೆ ಉತ್ತರ. ಎಡಗಡೆಯದನ್ನು ಎದುರಿನವರಿಗಿಂತ ಗಟ್ಟಿಯಾಗಿ ಬರೆಯುತ್ತಿದ್ದ. ಮೂವತ್ತೈದು ವರ್ಷ ಸರಕಾರದ ಕಡತಗಳಲ್ಲಿ ಇಲ್ಲ ಅನ್ನುವುದು ಹೇಗೆಂದು ಕಲಿತವನಲ್ಲವೇ! "ಎದುರಿನವ ಏನಂತಾನ ಅನ್ನೂದು ನಮಗ ಮೊದಲ ಗೊತ್ತಿರಬೇಕು ವಿಜಯಾ, ಇಲ್ಲಂದ್ರ ನಡು ಸದನದಾಗ ಬಾಯಿ ಕಟ್ತೈತಿ" ಅನ್ನುತ್ತಿದ್ದ. ಬಾಯಿಯೇ ತೆರೆಯದವರಿಗೆ ಕಟ್ಟುವುದೇನು ಎಂದು ನಾನು ನಗುತ್ತಿದ್ದೆ. ಆ ಹಳದಿ ಹಾಳೆಯನ್ನು ಬಾಬುಸಾಹೇಬರು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ.

ಈಗ ನನ್ನ ಮನೆಯ ವಿಷಯ ಹೇಳಬೇಕು. ನನ್ನ ಗಂಡ ಗುರುಪ್ರಸಾದ್. ನಾವಿರುವುದು ನಾಗಪುರದ ಹತ್ತಿರದ ಕಲ್ಲಿದ್ದಲಿನ ಊರು ಉಮರೇಡಿನಲ್ಲಿ. ಹದಿನೇಳು ವರ್ಷ ಇವರು ಗಣಿಯ ಹತ್ತಿರ ಒಂದು ತಗಡಿನ ಶೆಡ್ಡಿನಲ್ಲಿ ಕಲ್ಲಿದ್ದಲಿನ ಮಾದರಿ ಪುಡಿ ಮಾಡಿದರು. ಲಾರಿಯಿಂದ ತೆಗೆದ ಗಟ್ಟಿಯನ್ನು ಯಂತ್ರಕ್ಕೆ ಹಾಕಿ, ಪೌಡರಿನಷ್ಟು ನುಣ್ಣಗೆ ಮಾಡಿ, ಜರಡಿ ಹಿಡಿದು, ಚೀಲಕ್ಕೆ ತುಂಬಿ ಪರೀಕ್ಷೆಗೆ ಕಳಿಸುವ ಕೆಲಸ. ಗಣಿಯ ನೌಕರರಲ್ಲ, ಗುತ್ತಿಗೆ ಕಂಪನಿಯವರು. ಆ ಕಂಪನಿ ನಾಲ್ಕು ಸಲ ಹೆಸರು ಬದಲಿಸಿತು, ಪ್ರತಿ ಸಲವೂ ಹಳೆಯ ಹಾಜರಿ ಪುಸ್ತಕ ಎಲ್ಲಿಗೋ ಹೋಯಿತು. ಕೆಮ್ಮು ಜೋರಾದಾಗ ಕೆಲಸ ಬಿಟ್ಟು ಮನೆಯ ಮುಂದೆ ಹಿಟ್ಟಿನ ಗಿರಣಿ ಹಾಕಿದರು. ನಾಲ್ಕು ವರ್ಷ ನಡೆಸಿದರು. ಆಮೇಲೆ ಗೋಧಿ ಡಬ್ಬಿ ಎತ್ತಲೂ ಉಸಿರು ಸಾಲದಾಯಿತು.

ನಾಗಪುರದ ಡಾಕ್ಟರು ಫೋಟೋ ತೆಗೆಸಿ ನೋಡಿ, ಎದೆಯಲ್ಲಿ ಧೂಳು ಕೂತಿದೆ ಅಂದರು. ಯಾವ ಧೂಳು ಎಂದು ಬರೆದುಕೊಡಿ ಅಂದರೆ ಪೆನ್ನು ಮುಚ್ಚಿದರು. ಅದನ್ನು ಬರೆಯುವ ಅಧಿಕಾರ ಗಣಿ ಕಾರ್ಮಿಕರ ಎದೆ ನೋಡುವ ವೈದ್ಯರ ಮಂಡಳಿಗೆ ಮಾತ್ರ ಇದೆಯಂತೆ. ಮಂಡಳಿಯವರು ಗಣಿಯ ಕಾಯಂ ನೌಕರರನ್ನು ಮಾತ್ರ ನೋಡುತ್ತಾರೆ. ಅವರ ಕಾಗದವೊಂದು ಸಿಕ್ಕಿದ್ದರೆ ಗಣಿಯ ದೊಡ್ಡ ಆಸ್ಪತ್ರೆಯಲ್ಲಿ ಕೊನೆಯ ತನಕ ಔಷಧ, ಮನೆಗೆ ಆಮ್ಲಜನಕದ ಯಂತ್ರ. ಸಿಗದಿದ್ದರೆ ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿ ಕೂತು ನಿದ್ದೆ ಮಾಡುವುದು. ನಾನು ಹೇಳುತ್ತಿರುವುದು ನನ್ನ ಗಂಡನ ಉಸಿರಿನ ಮಾತು, ಬೇರೆ ಯಾವ ದೊಡ್ಡ ರಾಜಕೀಯವೂ ನನಗೆ ಬೇಕಿರಲಿಲ್ಲ.

ಹನ್ನೊಂದು ವರ್ಷ ಬಾಬುಸಾಹೇಬರಲ್ಲಿ ತನಗಾಗಿ ಒಂದು ಲೋಟ ಚಹಾ ಕೇಳದ ಅಣ್ಣ ಈ ಒಂದನ್ನು ಕೇಳಿದ. ಬೇರೆ ರಾಜ್ಯದ ಒಬ್ಬ ಸದಸ್ಯರು ಗುತ್ತಿಗೆ ಕಾರ್ಮಿಕರನ್ನೂ ಮಂಡಳಿ ಪರೀಕ್ಷಿಸಬೇಕೆಂದು ನಿರ್ಣಯ ತಂದಿದ್ದರು. ಮುಂದಿನ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನ ಚರ್ಚೆ. ಬಾಬುಸಾಹೇಬರು ಬೆಂಬಲಿಸಿ ಮಾತಾಡುವವರ ಪಟ್ಟಿಗೆ ಹೆಸರು ಕೊಟ್ಟರು. ಅಣ್ಣ ಭಾನುವಾರ ಬಂದು ಸುದ್ದಿ ಹೇಳಿದಾಗ ಮುಖ ಅರಳಿತ್ತು. ಅವನು ಪ್ರತಿ ಭಾನುವಾರ ಬಸ್ಸು ಹಿಡಿದು ಉಮರೇಡಿಗೆ ಬಂದು ನಮ್ಮಲ್ಲಿ ಊಟ ಮಾಡಿ ಹೋಗುವುದು ನಮ್ಮಪ್ಪ ತೀರಿಕೊಂಡ ವರ್ಷದಿಂದ ನಡೆದುಬಂದದ್ದು.

"ನಿರ್ಣಯ ಪಾಸ್ ಆಗೂದಿಲ್ಲ, ಅದು ನನಗ ಗೊತ್ತೈತಿ," ಅಂದ. "ಆದ್ರ ಇಂಥಾ ಕಡೆ ಮಂತ್ರಿಗೆ ಮುಜುಗರ ಆದ್ರ, 'ನೋಡ್ತೀವಿ, ಮಾಡ್ತೀವಿ' ಅಂತ ಒಂದು ಮಾತು ಆಡ್ತಾರ. ಸದನದಾಗ ಆಡಿದ್ರ ಅದು ಆಶ್ವಾಸನೆ. ಬೆನ್ನು ಹತ್ತಾಕ ಬೇರೆ ಸಮಿತಿನ ಐತಿ. ನಮಗ ಬೇಕಾಗಿದ್ದು ಆ ಒಂದ ಮಾತು."

"ಬಾಬುಸಾಹೇಬ್ರು ಆಡ್ತಾರೋ, ಇಟ್ಟು ಬರ್ತಾರೋ?" ಅಂತ ನಾನು ಕೇಳಿದೆ.

"ಆಡ್ತಾರ. ಕೈ ಹಿಡದು ಮಾತು ಕೊಟ್ಟಾರ."

ನನ್ನ ಗಂಡ ಗೋಡೆಗೆ ಒರಗಿ ಕೂತಿದ್ದರು. "ನನ್ನ ಹೆಸರು ತಗೋಬ್ಯಾಡ್ರಿ ಶಾಮಣ್ಣಾ. ಊರಾಗ ಗಿರಾಕಿ ಮಂದಿ ಅದಾರ" ಅಂದರು. ಗಿರಣಿ ಮುಚ್ಚಿ ಎರಡು ವರ್ಷವಾಗಿತ್ತು, ಗಿರಾಕಿಗಳ ಎದುರಿನ ನಾಚಿಕೆ ಮಾತ್ರ ಮುಚ್ಚಿರಲಿಲ್ಲ.

ಅಣ್ಣ ಇಪ್ಪತ್ತು ದಿನ ಕೂತು ಬರೆದ. ಎಲ್ಲೆಲ್ಲಿಯದೋ ವರದಿ ತರಿಸಿದ, ಯಾವ ದೇಶದಲ್ಲಿ ಎಷ್ಟು ವರ್ಷದ ಮೇಲೆ ಈ ರೋಗ ಕಾಣಿಸುತ್ತದೆ ಎಂದು ಓದಿದ. ಜಲಜಾ ವೈನಿ ಫೋನಿನಲ್ಲಿ, "ನಿಮ್ಮಣ್ಣ ಉಣ್ಣೂದ ಬಿಟ್ಟಾರ ನೋಡು, ಗುರುಪ್ರಸಾದ್‌ಗಿಂತ ಇವರ ಉಸಿರ ಮೊದಲ ನಿಂತೀತು" ಅಂದಳು. ಅವಳ ಮಾತೇ ಹಾಗೆ. ನನಗೆ ಬೇಸರವಾಗಲಿಲ್ಲ. ಅಣ್ಣ ನಮಗಾಗಿ ಇಷ್ಟು ಮಾಡುತ್ತಿದ್ದಾನಲ್ಲ ಎಂದು ಒಬ್ಬಳೇ ಅಡಿಗೆಮನೆಯಲ್ಲಿ ಅತ್ತೆ.

ಅಷ್ಟರಲ್ಲಿ ಬಾಬುಸಾಹೇಬರ ಪಕ್ಷ ಎರಡು ಹೋಳಾಯಿತು. ನಮ್ಮ ಕಡೆ ಇದೇನು ಹೊಸದಲ್ಲ, ಪಕ್ಷ ಒಡೆಯುವುದಕ್ಕೆ ಇಲ್ಲಿ ಹಂಗಾಮೂ ಬೇಕಿಲ್ಲ. ಬಾಬುಸಾಹೇಬರ ಹೋಳು ಸರಕಾರದ ಜೊತೆ ಹೋಗಿ ಕೂತಿತು. ಪೇಪರು ನೋಡಿದ ಕೂಡಲೇ ನಾನು ಫೋನು ಮಾಡಿದೆ.

"ಅಣ್ಣಾ, ನಿನ್ನ ಸಾಹೇಬ ಆ ಕಡೆ ಜಿಗದಾನಲ್ಲೋ! ಈಗ ಮಂತ್ರಿಗೆ ಮುಜುಗರ ಆಗೂಹಂಗ ಮಾತಾಡ್ತಾನೇನು?"

"ಇದು ಪಕ್ಷದ ವಿಷಯ ಅಲ್ಲ ವಿಜಯಾ, ಕಾರ್ಮಿಕರ ವಿಷಯ. ನಾ ಕೇಳೀನಿ. 'ಕಾಗದ ಕಳಸ್ರಿ ಶಾಮರಾವ್, ಬರೋಬರ್ ಮಾತಾಡ್ತೀನಿ' ಅಂದಾರ."

ಬರೋಬರ್, ಸರಿಯಾಗಿ, ಎಂಬ ಒಂದು ಮಾತು ಇವನಿಗೆ ಸಾಕು. ಯಾವ ಕಡೆ ಬರೋಬರ್ ಎಂದು ಕೇಳುವ ಬುದ್ಧಿ ಬೇಡವೇ! ಬುಧವಾರ ಬಿಳಿ ಹಾಳೆಗಳ ಜೊತೆಗೆ ಹಳದಿ ಹಾಳೆಯನ್ನೂ ಪಿನ್ನು ಹೊಡೆದು ದಿಲ್ಲಿಗೆ ಕಳಿಸಿದ. ಹನ್ನೊಂದು ವರ್ಷದ ಅಭ್ಯಾಸ.

ಶುಕ್ರವಾರ ನಮ್ಮ ಮಗಳು ರಾಗಿಣಿ ಕಾಲೇಜಿನ ಕಚೇರಿಯಿಂದ ಅರ್ಧ ದಿನ ರಜೆ ಹಾಕಿ ಬಂದಳು. ಟಿವಿಗೆ ಮೊಬೈಲು ಜೋಡಿಸಿ ಸದನ ಹಚ್ಚಿದಳು. ಇವರು ಆ ದಿನ ಮೀಸೆ ಟ್ರಿಮ್ ಮಾಡಿಸಿಕೊಂಡು, ತೊಳೆದ ಬನಿಯನ್ನು ಹಾಕಿ, ಕುರ್ಚಿಯಲ್ಲಿ ನೆಟ್ಟಗೆ ಕೂತರು. ನೆಟ್ಟಗೆ ಕೂತರೆ ಅವರಿಗೆ ಕಷ್ಟ, ಆದರೂ ಕೂತರು. ನಿರ್ಣಯ ತಂದ ಸದಸ್ಯರು ಮೊದಲು ಮಾತಾಡಿದರು, ಇನ್ನಿಬ್ಬರು ಬೆಂಬಲಿಸಿದರು. ಸದನದಲ್ಲಿ ಅರ್ಧ ಕುರ್ಚಿಗಳು ಖಾಲಿ. ಹೆಸರು ಕರೆದರು. ಬಾಬುಸಾಹೇಬರು ಎದ್ದರು.

"ಅಮ್ಮಾ, ಜಲ್ದಿ ಬಾ! ಮಾಮಾನ ಭಾಷಣ ಚಾಲೂ ಆತು!" ಎಂದು ರಾಗಿಣಿ ಕೂಗಿದಳು. ಒದ್ದೆ ಕೈಯಲ್ಲೇ ಓಡಿದೆ. ಬಾಬುಸಾಹೇಬರ ಕೈಯಲ್ಲಿ ಹಳದಿ ಹಾಳೆ ಇತ್ತು.

ಅವರು ಸದನದಲ್ಲಿ ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹಿಂದಿಯಲ್ಲಿ, ಆ ಚುನಾವಣೆಯ ಗಂಟಲಿನಲ್ಲಿ, ಒಂದೊಂದೇ ಮಾತು ತೂಗಿ ತೂಗಿ ಆಡಿದರು. "ನಾನು ಕಲ್ಲಿದ್ದಲಿನ ಸೀಮೆಯಿಂದಲೇ ಬಂದವನು, ಆದ್ದರಿಂದ ನಿಜ ಹೇಳುತ್ತೇನೆ" ಎಂದು ಶುರು ಮಾಡಿದರು. ಯಾರ ಹೆಸರು ಯಾವ ಹಾಜರಿ ಪುಸ್ತಕದಲ್ಲಿತ್ತು ಎಂದು ತೋರಿಸುವವರು ಯಾರು? ಕೆಲಸ ಬಿಟ್ಟು ವರ್ಷಗಳ ಮೇಲೆ ಬಂದ ಕೆಮ್ಮು ಗಣಿಯದೇ ಎಂದು ಯಾವ ವೈದ್ಯರು ಹೇಳಬಲ್ಲರು? ಕಾಯಂ ನೌಕರರೇ ಸಾಲಿನಲ್ಲಿ ಕಾಯುತ್ತಿರುವಾಗ ಮಂಡಳಿಯ ಬಾಗಿಲು ಎಲ್ಲರಿಗೂ ತೆರೆದರೆ ಅವರ ಗತಿಯೇನು? ಅಬ್ಬಾ, ಎಂಥ ಮಾತುಗಳು! ಇಲ್ಲ ಅನ್ನುವುದನ್ನು ಇಷ್ಟು ಚೆಂದಾಗಿ ಬರೆಯುವವನು ಇಡೀ ನಾಗಪುರದಲ್ಲಿ ಒಬ್ಬನೇ ಇದ್ದಾನೆ, ಅವನು ನಮ್ಮ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವನು. ಮೂರು ಮಾತು ಮುಗಿಯುವಷ್ಟರಲ್ಲಿ ನನಗೆ ಗೊತ್ತಾಗಿತ್ತು. ಇವರಿಗೂ ಗೊತ್ತಾಗಿರಬೇಕು, ಕುರ್ಚಿಯ ಕೈ ಹಿಡಿದುಕೊಂಡಿದ್ದರು.

ಕೊನೆಯದಾಗಿ ಬಾಬುಸಾಹೇಬರು ಹಾಳೆಯಿಂದ ಕಣ್ಣೆತ್ತಿ ಸುತ್ತ ನೋಡಿದರು. "ಹದಿನೇಳು ವರ್ಷ ಗಣಿಯ ಹತ್ತಿರ ಇದ್ದು, ಆಮೇಲೆ ನಾಲ್ಕು ವರ್ಷ ಹಿಟ್ಟಿನ ಗಿರಣಿ ನಡೆಸಿದ ಒಬ್ಬ ಮನುಷ್ಯ ಕೆಮ್ಮುತ್ತ ಬಂದರೆ, ಮಾನ್ಯರೇ, ಅವನ ಎದೆಯಲ್ಲಿರುವುದು ಕಲ್ಲಿದ್ದಲೋ, ಚಪಾತಿಯ ಹಿಟ್ಟೋ?"

ಸದನ ನಕ್ಕಿತು. ಖಾಲಿ ಕುರ್ಚಿಗಳ ನಡುವೆ ಕೂತಿದ್ದ ಮೂವತ್ತು ನಲವತ್ತು ಜನ ಮನಸಾರೆ ನಕ್ಕರು. ಪೀಠದಲ್ಲಿದ್ದವರ ಮುಖದಲ್ಲೂ ನಗು ಬಂತು. ರಾಗಿಣಿ ಅಪ್ಪನ ಮುಖ ನೋಡಲಾಗದೆ ಮೊಬೈಲು ಹಿಡಿದುಕೊಂಡು ನಿಂತಳು, ಬಂದ್ ಮಾಡಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ. "ಇರಲಿ, ಪೂರಾ ಕೇಳೂಣು" ಅಂದರು ಇವರು.

ಪೂರಾ ಕೇಳಿದೆವು. ಮಂತ್ರಿಗಳು ಎದ್ದು, ಆ ಸೀಮೆಯ ಸದಸ್ಯರೇ ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ ತಾನು ಹೇಳುವುದೇನೂ ಉಳಿದಿಲ್ಲ ಅಂದರು. ಯಾವ ಮಾತೂ ಕೊಡಲಿಲ್ಲ. ನಿರ್ಣಯ ತಂದವರು ತಲೆ ತಗ್ಗಿಸಿ, ಸದನದ ಅನುಮತಿ ಇದ್ದರೆ ಹಿಂತೆಗೆದುಕೊಳ್ಳುತ್ತೇನೆ ಅಂದರು. ಅನುಮತಿ ಸಿಕ್ಕಿತು.

ಮರುದಿನ ಜಲಜಾ ವೈನಿಯ ಫೋನು ಬಂತು. "ಬಾಬುಸಾಹೇಬ್ರ ಕಚೇರಿಯಿಂದ ಬರ್ಫಿ ಬಂದೈತಿ ವಿಜಯಾ. ಈ ಸಲ ಎರಡು ಕಿಲೋ. 'ಕ್ಯಾ ಬಾತ್ ಹೈ ಶಾಮರಾವ್, ಇಷ್ಟು ವರ್ಷ ಇಂಥಾ ಭಾಷಣ ಯಾಕ ಬರೀಲಿಲ್ಲ' ಅಂತ ಫೋನ್ ಬ್ಯಾರೆ ಮಾಡಿದ್ರು."

"ಅಣ್ಣ ಏನಂದ?"

"ಏನಂತಾರ? 'ಥ್ಯಾಂಕ್ಯೂ ಸರ್' ಅಂದ್ರು. ಬಾಯಿಗೆ ಅದ ಬಂತಂತ. ಆಮೇಲೆ ಬಚ್ಚಲಕ್ಕ ಹೋಗಿ ತಾಸುಗಟ್ಲೆ ಹೊರಗ ಬರಲಿಲ್ಲ."

ಭಾನುವಾರ ಅವನು ಬರುವುದಿಲ್ಲ ಅಂದುಕೊಂಡಿದ್ದೆ. ಬಂದ. ಬಗಲಲ್ಲಿ ಫೈಲು, ದಿಲ್ಲಿಗೆ ಕಳಿಸಿದ ಕಾಗದಗಳ ಪ್ರತಿ. ಬಾಗಿಲಲ್ಲೇ ಹಿಡಿದುಕೊಂಡೆ. "ನಾಚಿಕಿ ಆಗೂದಿಲ್ಲ ನಿನಗ? ಮನಿ ಅಳಿಯನ್ನ ತಗೊಂಡು ಹೋಗಿ ದಿಲ್ಲಿಯೊಳಗ ನಗಸಿ ಬಂದಿಯಲ್ಲೋ! ಹೆಸರು ತಗೋಬ್ಯಾಡ್ರಿ ಅಂದ್ರ ಗಿರಣಿ ತಗೊಂಡು ಹೋದಿ!" ಅಂತ ಒಂದೇ ಸಮನೆ ಕೂಗಿದೆ. ಪಕ್ಕದ ಮನೆಯವರು ಬಾಗಿಲಿಗೆ ಬಂದರು. ಬರಲಿ ಬಿಡಿ, ನನಗೇನೂ ಅನ್ನಿಸಲಿಲ್ಲ.

"ನಾ ಬರದದ್ದು ಬೆಂಬಲದ ಭಾಷಣ ವಿಜಯಾ, ಹನ್ನೆರಡು ಪುಟ," ಎಂದು ಫೈಲು ಬಿಚ್ಚತೊಡಗಿದ. "ಅವರು ಎಡಗಡೆದಷ್ಟ ಓದಿದ್ರು. ಬಲಗಡೆ ಉತ್ತರ ಇದ್ದವು."

"ಒಳಗ ಬರ್ರಿ ಶಾಮಣ್ಣಾ," ಎಂದು ಇವರು ಕುರ್ಚಿಯಿಂದ ಕರೆದರು. "ಕೂಡ್ರಿ. ಬಲಗಡೆದು ಓದ್ರಿ, ಕೇಳ್ತೀನಿ."

ಅಣ್ಣ ಕನ್ನಡಕ ಹಾಕಿಕೊಂಡು ಓದಿದ. ಹಾಜರಿ ಪುಸ್ತಕ ಕಳೆದವರು ಕಂಪನಿಯವರು, ಅದರ ಶಿಕ್ಷೆ ಕಾರ್ಮಿಕನಿಗೇಕೆ. ಈ ರೋಗ ಕೆಲಸ ಬಿಟ್ಟ ಹತ್ತು ಹದಿನೈದು ವರ್ಷದ ಮೇಲೂ ಕಾಣಿಸುತ್ತದೆ ಎಂಬುದಕ್ಕೆ ಮೂರು ವರದಿ. ಮಂಡಳಿಯ ಸಾಲು ಉದ್ದವಿದ್ದರೆ ಮಂಡಳಿಗಳನ್ನು ಹೆಚ್ಚಿಸಿ, ಸಾಲಿನಲ್ಲಿರುವವರನ್ನು ಕಡಿಮೆ ಮಾಡಬೇಡಿ. ನಿಜ ಹೇಳುತ್ತೇನೆ, ಕೋಪದಲ್ಲೂ ನನಗೆ ಕೇಳುತ್ತಲೇ ಇರಬೇಕು ಅನ್ನಿಸಿತು. ಇಂಥದನ್ನು ಯಾರಾದರೂ ಅಲ್ಲಿ ಎದ್ದು ನಿಂತು ಹೇಳಬಾರದಿತ್ತೇ? ಮೂರು ಓದಿ ಅಣ್ಣ ನಿಲ್ಲಿಸಿದ.

"ನಾಕನೇದು?" ಅಂದರು ಇವರು. "ಗಿರಣಿದು."

ಅಣ್ಣ ಹಾಳೆಯನ್ನು ಮಡಚಲು ಹೋದ. ನಾನು ಬಗ್ಗಿ ನೋಡಿದೆ. ಬಲಗಡೆ ಏನೂ ಇರಲಿಲ್ಲ.

"ಅದಕ್ಕ ಉತ್ತರ ಸಿಗಲಿಲ್ಲ," ಅಂದ. "ಭಾಳ ಹುಡುಕಿದೆ. ನಿಮ್ಮನ್ನ ನೋಡಿನ ಆ ಆಕ್ಷೇಪ ಹೊಳದಿತ್ತು. ಯಾರರೆ ಕೇಳಿದ್ರ ಏನ್ ಹೇಳೂದು ಅಂತ ಅದ ಚಿಂತಿ ಆಗಿತ್ತು."

"ಉತ್ತರ ಇಲ್ಲಂದ್ರ ಬರದಿದ್ದ್ಯಾಕೋ ಅದನ್ನ? ಬಿಟ್ಟಬಿಡಬೇಕಿತ್ತು!" ಎಂದು ನಾನು ಅರಚಿದೆ.

"ಇದ್ದ ಆಕ್ಷೇಪ ಬಿಟ್ರ ಕೆಲಸ ಸುಳ್ಳಾಗ್ತೈತಿ ವಿಜಯಾ."

ಇವರಿಗೆ ನಗು ಬಂತು. ನಗು ಬಂದರೆ ಕೆಮ್ಮು ಬರುತ್ತದೆ. ಬಂತು. ರಾಗಿಣಿ ಬೆನ್ನು ತಿಕ್ಕಿದಳು, ನಾನು ಬಟ್ಟಲು ಹಿಡಿದೆ. ಎರಡು ನಿಮಿಷ ಕೆಮ್ಮಿ, ಉಗುಳಿ, ಕಣ್ಣೀರು ಒರೆಸಿಕೊಂಡು ಅವರು ನನಗೆ, "ಅದನ್ನ ಶಾಮಣ್ಣಾಗ ತೋರಸು" ಅಂದರು. ಯಾಕೆಂದು ನನಗೆ ತಿಳಿಯಲಿಲ್ಲ. ತೋರಿಸಿದೆ. ಕಫ ಕರ್ರಗಿತ್ತು, ದೀಪದ ಕಾಡಿಗೆ ಕಲಸಿದ ಹಾಗೆ. ದಿನಕ್ಕೆ ಮೂರು ಸಲ ತೊಳೆಯುವ ನನಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ.

"ಹಿಟ್ಟು ಬೆಳ್ಳಗ ಇರ್ತೈತಿ ಶಾಮಣ್ಣಾ," ಅಂದರು ಇವರು.

ಅಣ್ಣ ಬಟ್ಟಲನ್ನೇ ನೋಡುತ್ತಿದ್ದ. "ಯಾವಾಗಿಂದ ಹಿಂಗೈತಿ?" ಎಂದು ಕೇಳಿದ.

"ಶೆಡ್ಡಿನ್ಯಾಗ ಇದ್ದಾಗಿಂದ. ಗಿರಣಿ ಹಾಕೂಕಿಂತ ಮೊದಲಿಂದ."

"ನನಗ ಯಾಕ ಹೇಳಲಿಲ್ಲ ನೀವು?"

"ನೀವು ಕೇಳಲಿಲ್ಲ. ಪುಸ್ತಕ ಓದಾಕತ್ತೀರಿ ಅಂದ್ಲು ವಿಜಯಾ. ಅದರಾಗ ಎಲ್ಲಾ ಇರ್ತೈತಿ ಅಂದ್ಕೊಂಡೆ."

ಪ್ರತಿ ಭಾನುವಾರ ಈ ಮನೆಯಲ್ಲಿ, ಈ ಬಟ್ಟಲಿನಿಂದ ನಾಲ್ಕು ಮಾರು ದೂರದಲ್ಲಿ ಕೂತು ರೊಟ್ಟಿ ತಿಂದವನು ನನ್ನಣ್ಣ. ಅವನ ಕೈ ಜೇಬಿಗೆ ಹೋಯಿತು. ಪೆನ್ನು ತೆಗೆದು, ಹಾಳೆಯನ್ನು ಮೊಣಕಾಲ ಮೇಲೆ ಸರಿಮಾಡಿಕೊಂಡು, ನಾಲ್ಕನೆಯದರ ಬಲಗಡೆ ದುಂಡಗೆ ಬರೆಯತೊಡಗಿದ. ಎರಡು ಶಬ್ದ ಬರೆಯುವಷ್ಟರಲ್ಲಿ ನಾನು ಹಾಳೆ ಕಿತ್ತುಕೊಂಡೆ. ಅವನು ತಡೆಯಲಿಲ್ಲ, ಪೆನ್ನು ಹಿಡಿದುಕೊಂಡೇ ಕೂತಿದ್ದ. ನಿರ್ಣಯ ಹಿಂತೆಗೆದುಕೊಂಡು ಆಗಲೇ ಎರಡು ದಿನವಾಗಿತ್ತು.